ಗೇಮ್ ನಡುವೆ ರೀಸ್ಟಾರ್ಟ್: ಮೊದಲು ಪವರ್ ಸಪ್ಲೈ ನೋಡಿ

ಗೇಮ್ ಶುರುವಾಗಿ ಹತ್ತೇ ನಿಮಿಷಕ್ಕೆ, ವಿಂಡೋಸ್ ದೋಷ ತೋರಿಸುವ ನೀಲಿ ಪರದೆಯೂ ಬಾರದೆ ಸಿಸ್ಟಮ್ ರೀಸ್ಟಾರ್ಟ್ ಆಗುತ್ತದೆ, ಉಷ್ಣಾಂಶ 70 ಡಿಗ್ರಿ ದಾಟಿಲ್ಲ, ಈವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್ ತನ್ನ ಘಟನೆಗಳ ದಾಖಲೆ ತೋರಿಸುವ ಸಾಧನ) ಕರ್ನಲ್-ಪವರ್ 41 ಎಂಬ ನಮೂದು ಮಾತ್ರ ಕಾಣುತ್ತದೆ ಎಂದಿದ್ದೀರಿ. ಆ 41 ಕಾರಣವಲ್ಲ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತು ಎಂಬ ದಾಖಲೆ ಅಷ್ಟೇ. ಅದರ ವಿವರದಲ್ಲಿ ಬಗ್‌ಚೆಕ್‌ಕೋಡ್ 0 ಇದ್ದರೆ, ಅಂದರೆ ವಿಂಡೋಸ್ ಯಾವ ದೋಷದ ಸಂಖ್ಯೆಯನ್ನೂ ದಾಖಲಿಸಿಲ್ಲದಿದ್ದರೆ, ನನ್ನ ಮೊದಲ ಅನುಮಾನ ಯಂತ್ರಕ್ಕೆ ವಿದ್ಯುತ್ ಒದಗಿಸುವ ಪವರ್ ಸಪ್ಲೈ ಮೇಲೆ.

ಗ್ರಾಫಿಕ್ಸ್ ಕಾರ್ಡ್ ಆಗಾಗ, ಕಣ್ಣುಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ತನ್ನ ನಿಗದಿತ ವ್ಯಾಟ್‌ಗಿಂತ ಬಹಳ ಹೆಚ್ಚು ಎಳೆಯುತ್ತದೆ. ಹಳೆಯ ಅಥವಾ ದುರ್ಬಲ ಪವರ್ ಸಪ್ಲೈ ಅದನ್ನು ತಾಳದೆ ಕಡಿತವಾಗುತ್ತದೆ. ಕಾರ್ಡ್‌ನಲ್ಲಿ ಎರಡು 8-ಪಿನ್ ಸಾಕೆಟ್ ಇದ್ದರೆ ಒಂದೇ ಕೇಬಲಿನ ಎರಡು ತುದಿ ಚುಚ್ಚಬೇಡಿ, ಎರಡು ಪ್ರತ್ಯೇಕ ಕೇಬಲ್ ಹಾಕಿ. ಬೇರೆ ಪವರ್ ಸಪ್ಲೈನ ಮಾಡ್ಯುಲರ್ (ಬಿಚ್ಚಿ ತೆಗೆಯಬಹುದಾದ) ಕೇಬಲ್ ಮಾತ್ರ ಬೇಡವೇ ಬೇಡ. ಪಿನ್ ಕ್ರಮ ಬೇರೆಯಿದ್ದರೆ ಕಾರ್ಡೇ ಸುಟ್ಟುಹೋದೀತು. ಆಮೇಲೆ ಆಫ್ಟರ್‌ಬರ್ನರ್‌ನಲ್ಲಿ (ಗ್ರಾಫಿಕ್ಸ್ ಕಾರ್ಡ್ ಹೊಂದಿಸುವ ತಂತ್ರಾಂಶ) ಕಾರ್ಡ್‌ನ ಪವರ್ ಲಿಮಿಟ್ ಶೇ. 70ಕ್ಕೆ ಇಳಿಸಿ ಒಂದು ಗಂಟೆ ಆಡಿ ನೋಡಿ. ರೀಸ್ಟಾರ್ಟ್ ನಿಂತಿತೇ? ಹಾಗಾದರೆ ಪವರ್ ಸಪ್ಲೈ ಮೇಲಿನ ಅನುಮಾನ ಬಲವಾಯಿತು. ಹೊಸದನ್ನು ಕೊಳ್ಳುವ ಮೊದಲು, ಹೆಚ್ಚು ವ್ಯಾಟ್‌ನ ಒಳ್ಳೆಯ ಪವರ್ ಸಪ್ಲೈಯನ್ನು ಯಾರಿಂದಲಾದರೂ ಎರವಲು ತಂದು ಖಚಿತಪಡಿಸಿಕೊಳ್ಳಿ.

ನಿಲ್ಲದಿದ್ದರೆ ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟಪ್) ಎಕ್ಸ್‌ಎಂಪಿ, ಅಂದರೆ ರ್‍ಯಾಮ್ ವೇಗ ಹೆಚ್ಚಿಸುವ ಆಯ್ಕೆ, ಆಫ್ ಮಾಡಿ, ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿ. ಒಂದೇ ಎರರ್ ಬಂದರೂ ಕಡೆಗಣಿಸಬೇಡಿ, ರ್‍ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿ.