ಬೇಸ್‌ಮೆಂಟಿಗೆ ಮಳೆನೀರು ನುಗ್ಗುತ್ತಿದ್ದರೆ 5 ಎಚ್‌ಪಿ ಪಂಪು ಹಾಕಿಸಬೇಕೇ?

ಪ್ರತಿ ದೊಡ್ಡ ಮಳೆಗೂ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ಈಗಿರುವ 2 ಎಚ್‌ಪಿ ಪಂಪು ತೆಗೆಸಿ 5 ಎಚ್‌ಪಿ ಹಾಕಿಸಬೇಕೇ ಎಂದು ಕೇಳಿದ್ದೀರಿ. ಬೇಡ. ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ 2022ರಲ್ಲಿ ಇದೇ ಪ್ರಶ್ನೆಯ ಮೇಲೆ ಅಸೋಸಿಯೇಷನ್ ಸಭೆ ನಡುರಾತ್ರಿಯವರೆಗೆ ನಡೆದಿತ್ತು. ಪಂಪು ಎಷ್ಟು ದೊಡ್ಡದಿರಬೇಕು ಎಂಬುದರ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಆ ಪಂಪಿನಿಂದ ಹೊರಟ ಪೈಪು ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ.

ಆ ವರ್ಷ ಸೆಪ್ಟೆಂಬರ್ 4ರ ರಾತ್ರಿ ಹಿಡಿದ ಮಳೆ ಬೆಳಗಾಗುವಷ್ಟರಲ್ಲಿ ನಗರದಲ್ಲಿ 130 ಮಿಲಿಮೀಟರಿನಷ್ಟು ಸುರಿದಿತ್ತು. ನಮ್ಮ ಭಾಗದ ಕೆರೆಗಳು ಕೋಡಿ ಹರಿದವು, ರಾಜಕಾಲುವೆಗಳು ದಡ ಮೀರಿದವು, ಹೊರವರ್ತುಲ ರಸ್ತೆಯಲ್ಲಿ ಜನರನ್ನು ಟ್ರ್ಯಾಕ್ಟರಿನಲ್ಲಿ ದಾಟಿಸಬೇಕಾಯಿತು. ನಮ್ಮ ಪಂಪು ಕರೆಂಟ್ ಇರುವವರೆಗೂ ಚೆನ್ನಾಗಿಯೇ ಓಡಿತು. ನಡುರಾತ್ರಿ ಕಳೆದ ಮೇಲೆ ಇಡೀ ಬಡಾವಣೆಯ ಕರೆಂಟ್ ಹೋಯಿತು. ಅಲ್ಲಿಂದ ಬೆಳಗಿನವರೆಗೆ ಬೇಸ್‌ಮೆಂಟು ತುಂಬುತ್ತಲೇ ಹೋಯಿತು.

ಬೆಳಿಗ್ಗೆ ಎಲ್ಲರೂ ದೂರಿದ್ದು ರ‍್ಯಾಂಪನ್ನು. ಆದರೆ ರ‍್ಯಾಂಪಿನ ಮೇಲ್ತುದಿಯಲ್ಲಿ ವಾಚ್‌ಮನ್ ಜೋಡಿಸಿದ್ದ ಮರಳಿನ ಮೂಟೆಗಳು ಇಟ್ಟಲ್ಲೇ ಇದ್ದವು, ರಸ್ತೆಯ ನೀರು ಅವನ್ನು ದಾಟಿರಲಿಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ನಮ್ಮ ರ‍್ಯಾಂಪು ಸುಮಾರು 40 ಚದರ ಮೀಟರ್; 130 ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವುದು 5,200 ಲೀಟರ್, ಅಂದರೆ ಸಾಧಾರಣ ಟ್ಯಾಂಕರ್ ಒಂದರಷ್ಟು. ಬೇಸ್‌ಮೆಂಟಿನ ನೆಲ ಸುಮಾರು 600 ಚದರ ಮೀಟರ್. ಅಲ್ಲಿ ಅರ್ಧ ಮೀಟರ್ ಎತ್ತರಕ್ಕೆ ನಿಂತಿದ್ದು 3 ಲಕ್ಷ ಲೀಟರ್. ಈ ಲೆಕ್ಕವನ್ನು ನಿಮ್ಮ ಕಟ್ಟಡದ ಅಳತೆ ಹಿಡಿದು ಇವತ್ತೇ ಮಾಡಿ ನೋಡಿ. ಬಿದ್ದ ಮಳೆಗೂ ನಿಂತ ನೀರಿಗೂ ತಾಳೆಯಾಗದಿದ್ದರೆ ನೀರು ಬೇರೆ ದಾರಿಯಿಂದ ಬರುತ್ತಿದೆ ಎಂದೇ ಅರ್ಥ.

ನಮಗೆ ಆ ದಾರಿ ತೋರಿಸಿಕೊಟ್ಟವರು ಆನೇಕಲ್ ಕಡೆಯಿಂದ ಬಾಡಿಗೆಗೆ ಡೀಸೆಲ್ ಪಂಪ್‌ಸೆಟ್ ತಂದಿದ್ದ ಒಬ್ಬ ರೈತರು. ಎಂಜಿನ್ನನ್ನು ರ‍್ಯಾಂಪಿನ ಮೇಲೆ ನಿಲ್ಲಿಸಿ, ಹೋಸನ್ನು ಕೆಳಗೆ ಬಿಟ್ಟು ಅವರು ನೀರೆತ್ತುತ್ತಿದ್ದರು. ನಡುವೆ ಡೀಸೆಲ್ ತುಂಬಲು ನಿಲ್ಲಿಸಿದರೆ ಇಳಿದಿದ್ದ ನೀರು ಮತ್ತೆ ಏರುತ್ತಿತ್ತು. ಅವರು ಗೋಡೆಯ ಮೇಲೆ ಹಾದುಹೋಗಿದ್ದ ನಮ್ಮ ಪಂಪಿನ ಪಿವಿಸಿ ಪೈಪಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. "ಸಾರ್, ಕರೆಂಟಿಲ್ಲ ಅಂತೀರಿ, ಪೈಪಲ್ಲಿ ನೀರು ಓಡ್ತಾ ಐತಲ್ಲ" ಎಂದರು. ನಾನೂ ಮುಟ್ಟಿ ನೋಡಿದೆ. ಪೈಪು ಸಣ್ಣಗೆ ಅದುರುತ್ತಿತ್ತು. ಹ್ಯಾಕ್‌ಸಾ ಬ್ಲೇಡಿನಿಂದ ಅವರು ಅದನ್ನು ಕತ್ತರಿಸಿದಾಗ ಹೊರಗಿನ ಚರಂಡಿಯ ಕಪ್ಪು ನೀರು ಸೋಪಿನ ನೊರೆಯ ಸಮೇತ ರಭಸದಿಂದ ಒಳಕ್ಕೆ ಚಿಮ್ಮಿತು. ಆ ಬಾಯಿಗೆ ಕ್ಯಾಪ್ ಬಿಗಿದ ಮೇಲೆ ನೀರಿನ ಮಟ್ಟ ಮತ್ತೆ ಏರಲಿಲ್ಲ.

ನಮಗೆ ದುಬಾರಿಯಾದ ತಪ್ಪು ಇದೊಂದೇ ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಪಂಪಿನ ಪೈಪಿನಲ್ಲಿ ಎನ್‌ಆರ್‌ವಿ ಎಂಬ ವಾಲ್ವ್ (ನಾನ್-ರಿಟರ್ನ್ ವಾಲ್ವ್) ಇರುತ್ತದೆ. ಅದರೊಳಗಿನ ತಟ್ಟೆ ಹೊರಕ್ಕೆ ಹೋಗುವ ನೀರಿಗೆ ತೆರೆದುಕೊಂಡು, ಹಿಂದಕ್ಕೆ ಬರುವ ನೀರಿಗೆ ಮುಚ್ಚಿಕೊಳ್ಳುತ್ತದೆ. ನಮ್ಮದರಲ್ಲಿ ಹೂಳು, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡು ನೀರಿನ ಹರಿವು ಕುಗ್ಗಿದಾಗ, ಹಿಂದೊಮ್ಮೆ ಬಂದಿದ್ದ ಪ್ಲಂಬರ್ ವಾಲ್ವನ್ನೇ ಕಿತ್ತು ನೇರ ಪೈಪು ಜೋಡಿಸಿದ್ದರು. ನೀರು ಜೋರಾಗಿ ಹೋಗತೊಡಗಿತು, ಕಮಿಟಿಯಲ್ಲಿದ್ದ ನಾವೆಲ್ಲ ಒಪ್ಪಿಕೊಂಡೆವು. ವಾಲ್ವ್ ಇಲ್ಲದಿದ್ದರೂ ವರ್ಷದ ಬಹುಪಾಲು ದಿನ ಏನೂ ಆಗುವುದಿಲ್ಲ, ಏಕೆಂದರೆ ಹೊರಗಿನ ಚರಂಡಿ ಅರ್ಧಕ್ಕಿಂತ ಹೆಚ್ಚು ಖಾಲಿ ಇರುತ್ತದೆ ಮತ್ತು ಪೈಪಿನ ಬಾಯಿ ನೀರಿಗಿಂತ ಮೇಲಿರುತ್ತದೆ. ಚರಂಡಿ ತುಂಬಿ ಬಾಯಿ ಮುಳುಗಿದರೂ ಪಂಪು ಓಡುತ್ತಿರುವವರೆಗೆ ಅದರ ಒತ್ತಡವೇ ನೀರನ್ನು ತಡೆದಿರುತ್ತದೆ. ಚರಂಡಿ ತುಂಬಿರುವಾಗಲೇ ಪಂಪು ನಿಂತರೆ ಮಾತ್ರ ಅನಾಹುತ, ಮತ್ತು ಬೆಂಗಳೂರಿನಲ್ಲಿ ದೊಡ್ಡ ಮಳೆ ಬಂದಾಗ ಕರೆಂಟೂ ಹೋಗುವುದರಿಂದ ಇವೆರಡೂ ಒಟ್ಟಿಗೇ ಬರುತ್ತವೆ. ರಸ್ತೆಯ ಮಟ್ಟದ ಚರಂಡಿ ನೀರು ಬೇಸ್‌ಮೆಂಟಿನ ನೆಲಕ್ಕಿಂತ ಎರಡು ಮೀಟರಿಗೂ ಹೆಚ್ಚು ಎತ್ತರದಲ್ಲಿರುತ್ತದೆ. ಮೂರು ಇಂಚಿನ ಪೈಪಿನಲ್ಲಿ ಅಷ್ಟು ಒತ್ತಡದ ನೀರು ರಾತ್ರಿಯಿಡೀ ಹರಿದರೆ ಲಕ್ಷಗಟ್ಟಲೆ ಲೀಟರ್ ತುಂಬುವುದರಲ್ಲಿ ಆಶ್ಚರ್ಯವಿಲ್ಲ. ಆ ದಿನ ನಮ್ಮಲ್ಲಿ 5 ಎಚ್‌ಪಿ ಪಂಪೂ ಅದಕ್ಕೆ ತಕ್ಕ ದಪ್ಪ ಪೈಪೂ ಇದ್ದಿದ್ದರೆ ಬೇಸ್‌ಮೆಂಟು ಇನ್ನೂ ಬೇಗ ತುಂಬುತ್ತಿತ್ತು.

ಕಾರುಗಳು, ಲಿಫ್ಟ್ ಪಿಟ್, ಬೇಸ್‌ಮೆಂಟಿನ ಗೋಡೆಗೆ ಕೂರಿಸಿದ್ದ ಪ್ಯಾನೆಲ್ ಬೋರ್ಡ್ ಎಲ್ಲವೂ ಮುಳುಗಿದವು. ಕುಡಿಯುವ ನೀರಿನ ಸಂಪಿಗೂ ಚರಂಡಿ ನೀರು ಸೇರಿತು. ಅದೇ ಹೊತ್ತಿಗೆ ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿಯ ಪಂಪಿಂಗ್ ಕೇಂದ್ರಕ್ಕೇ ನೀರು ನುಗ್ಗಿ ನಗರಕ್ಕೆ ಕಾವೇರಿ ನೀರು ನಿಂತಿದ್ದರಿಂದ, ಕೆಸರು ತೊಳೆಯಲಿಕ್ಕೂ ಟ್ಯಾಂಕರಿಗೆ ಕಾಯಬೇಕಾಯಿತು.

ಆದ್ದರಿಂದ ಮೊದಲು ಪ್ಲಂಬರನ್ನು ಕರೆದುಕೊಂಡು ಹೋಗಿ ನಿಮ್ಮ ಪೈಪಿನ ಹೊರಬಾಯಿ ಎಲ್ಲಿದೆ ಎಂದು ಕಣ್ಣಾರೆ ನೋಡಿ. ಎನ್‌ಆರ್‌ವಿ ಇಲ್ಲದಿದ್ದರೆ ಹಾಕಿಸಿ, ಅದೂ ಪಂಪು ಕೂರುವ ಗುಂಡಿಯೊಳಗೆ ಬೇಡ, ಎದೆಮಟ್ಟದಲ್ಲಿ ಕೈಗೆಟಕುವ ಕಡೆ ಇರಲಿ. ಅದರ ಮುಂದೆ ಕೈಯಿಂದ ತಿರುಗಿಸಿ ಮುಚ್ಚುವ ಒಂದು ಗೇಟ್ ವಾಲ್ವ್, ಪೈಪು ಕತ್ತರಿಸದೆ ಬಿಚ್ಚಲು ಒಂದು ಯೂನಿಯನ್ ಜೋಡಣೆ ಇದ್ದರೆ ಶುಚಿ ಮಾಡುವುದು ಸುಲಭ. ವಾಲ್ವಿನ ತಟ್ಟೆ ಇವತ್ತಲ್ಲ ನಾಳೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಅದೊಂದನ್ನೇ ನಂಬಬೇಡಿ. ಪೈಪನ್ನು ರಸ್ತೆಯ ಮೇಲೆ ನೀರು ನಿಲ್ಲುವ ಮಟ್ಟಕ್ಕಿಂತಲೂ ಮೇಲಕ್ಕೆ ಒಯ್ದು, ಅಲ್ಲಿಂದ ಬಗ್ಗಿಸಿ ಚರಂಡಿಗೆ ಇಳಿಸಬೇಕು. ಆ ಬಾಗಿನ ನೆತ್ತಿಯಲ್ಲಿ ಗಾಳಿಯಾಡಲು ವೆಂಟ್ ಇರಲೇಬೇಕು, ಇಲ್ಲವಾದರೆ ಪೈಪು ತಾನೇ ಚರಂಡಿಯ ನೀರನ್ನು ಹೀರುವ ಸೈಫನ್ ಆಗಿ ನೀರು ಮತ್ತೆ ಒಳಗೇ ಬರುತ್ತದೆ. ತಾರಸಿಯ ಮಳೆನೀರಿನ ಪೈಪುಗಳನ್ನು ಬೇಸ್‌ಮೆಂಟಿನ ಗುಂಡಿಗೆ ಬಿಟ್ಟಿದ್ದಾರೆಯೇ ಎಂದೂ ನೋಡಿ. 600 ಚದರ ಮೀಟರ್ ತಾರಸಿಯಿಂದ ಅಂಥ ಒಂದು ಮಳೆಗೆ 78,000 ಲೀಟರ್ ಇಳಿಯುತ್ತದೆ, ಅದನ್ನು ಕೆಳಗಿಳಿಸಿ ಮತ್ತೆ ಪಂಪಿನಿಂದ ಎತ್ತುವುದಕ್ಕೆ ಅರ್ಥವಿಲ್ಲ. ಮಳೆ ನಿಂತು ವಾರವಾದರೂ ಗುಂಡಿಗೆ ವಾಸನೆಯಿಲ್ಲದ ತಿಳಿನೀರು ಜಿನುಗುತ್ತಿದ್ದರೆ ಅದು ಭೂಮಿಯ ಒರತೆ. ಅದರ ಉಪಾಯ ಬೇರೆ, ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಬೇಕು.

ಪ್ಯಾನೆಲ್ ಬೋರ್ಡನ್ನು ನೆಲಮಹಡಿಗೆ ತನ್ನಿ. ಪಂಪಿನ ವಿಷಯ ಇನ್ನೂ ಚರ್ಚೆಯಲ್ಲಿದ್ದರೂ ಈ ಕೆಲಸ ತಡೆಯುವಂಥದ್ದಲ್ಲ. ನೀರು ನಿಂತ ಬೇಸ್‌ಮೆಂಟಿಗೆ ಮೇನ್ ಆಫ್ ಮಾಡದೆ ಯಾರೂ ಕಾಲಿಡಕೂಡದು, ವಾಚ್‌ಮನ್‌ರನ್ನು ಇಳಿಸಲೂ ಕೂಡದು. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ಬೇಸ್‌ಮೆಂಟಿನ ನೀರು ತೆಗೆಯುವಾಗ ವಿದ್ಯುತ್ ತಗುಲಿ ಒಬ್ಬ ಹಿರಿಯರೂ 12 ವರ್ಷದ ಒಬ್ಬ ಹುಡುಗನೂ ಜೀವ ಕಳೆದುಕೊಂಡರು. ಎಕ್ಸ್‌ಟೆನ್ಶನ್ ಬೋರ್ಡ್ ಇಳಿಬಿಟ್ಟು ಮೋಟಾರ್ ಓಡಿಸುವುದನ್ನು ನಿಮ್ಮ ಅಸೋಸಿಯೇಷನ್ ಖಡಾಖಂಡಿತವಾಗಿ ನಿಷೇಧಿಸಲಿ. ಪಂಪಿನ ಲೈನಿಗೆ ಕರೆಂಟ್ ಸೋರಿದ ತಕ್ಷಣ ಲೈನ್ ಕಡಿದುಬಿಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ. ಮುಳುಗಿದ್ದ ಕಾರನ್ನು ಸ್ಟಾರ್ಟ್ ಮಾಡಲು ಹೋಗದೆ ಟೋ ಮಾಡಿಸಿ. ಸುತ್ತಲಿನ ಮಣ್ಣು ನೆನೆದು ನೀರು ಹಿಡಿದಿರುವಾಗ ಬೇಸ್‌ಮೆಂಟನ್ನು ಒಮ್ಮೆಲೇ ಖಾಲಿ ಮಾಡಿದರೆ ಹೊರಗಿನ ಒತ್ತಡ ಗೋಡೆಗೂ ನೆಲಕ್ಕೂ ಅಪಾಯ ತರಬಹುದು, ಹಂತಹಂತವಾಗಿ ಇಳಿಸಿ.

ಇನ್ನು ನಿರ್ವಹಣೆ. ಬೆಂಗಳೂರಿನಲ್ಲಿ ಮೇ ತಿಂಗಳ ಮಳೆಯೂ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೂ ಜೋರು, ಆದ್ದರಿಂದ ಏಪ್ರಿಲಿನಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಗುಂಡಿಯ ಹೂಳು ತೆಗೆಸಿ, ಪಂಪನ್ನು ಚೈನ್ ಹಿಡಿದು ಎತ್ತಿಸಿ. ಕೇಬಲ್ ಹಿಡಿದು ಎಳೆದರೆ ಜಾಯಿಂಟಿನೊಳಗೆ ನೀರು ಸೇರುತ್ತದೆ. ಜಾಲರಿ ತೊಳೆದು, ಎನ್‌ಆರ್‌ವಿ ಬಿಚ್ಚಿ ತಟ್ಟೆ ಸಲೀಸಾಗಿ ಆಡುತ್ತದೆಯೇ ಎಂದು ಬೆರಳಿನಿಂದ ತಳ್ಳಿ ನೋಡಿ. ನೀರೇರಿದಾಗ ತೇಲಿ ಪಂಪನ್ನು ಹತ್ತಿಸುವ ಫ್ಲೋಟ್ ಸ್ವಿಚ್ಚಿನ ವಯರು ಪೈಪಿಗೆ ಸುತ್ತಿಕೊಂಡಿರುವುದು ಸಾಮಾನ್ಯ. ಸ್ವಿಚ್ ಒತ್ತಿ ಪಂಪು ಓಡಿತು ಎಂದರೆ ಪರೀಕ್ಷೆ ಆಯಿತು ಎಂದಲ್ಲ. ಗುಂಡಿಗೆ ಬಕೆಟ್ಟಿನಲ್ಲಿ ನೀರು ಸುರಿದು, ಪಂಪು ತಾನಾಗಿಯೇ ಹತ್ತಿ ತಾನಾಗಿಯೇ ನಿಲ್ಲುವುದನ್ನು ನಿಂತು ನೋಡಬೇಕು. ಇನ್ನೊಂದು ಫ್ಲೋಟನ್ನು ಸ್ವಲ್ಪ ಮೇಲೆ ಕಟ್ಟಿ, ವಾಚ್‌ಮನ್‌ರ ಕೋಣೆಯಲ್ಲಿ ಗಂಟೆ ಬಾರಿಸುವಂತೆ ಮಾಡಿಸಲು ಹೆಚ್ಚು ಖರ್ಚಿಲ್ಲ. ಆ ಗಂಟೆಗೆ ಬ್ಯಾಟರಿ ಇರಲಿ.

ಇಷ್ಟೆಲ್ಲ ಆದ ಮೇಲೂ ಪಂಪು ಸಾಲದೆ ಹೋದರೆ ಅಷ್ಟೇ ಗಾತ್ರದ ಇನ್ನೊಂದು 2 ಎಚ್‌ಪಿ ತನ್ನಿ, ಎರಡರಲ್ಲಿ ಒಂದಾದರೂ ಜನರೇಟರಿನಿಂದ ಓಡುವಂತೆ ಲೈನ್ ಎಳೆಸಿ. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಯಲ್ಲಿ ಹಿಡಿಯುವುದು 1,000 ಲೀಟರ್ ಮಾತ್ರ; 5 ಎಚ್‌ಪಿ ಪಂಪು ಅದನ್ನು ಒಂದೆರಡು ನಿಮಿಷದಲ್ಲಿ ಬರಿದು ಮಾಡಿ, ಮತ್ತೆ ಮತ್ತೆ ಹತ್ತಿ ಆರಿ ಮೋಟಾರಿನ ವೈಂಡಿಂಗ್ (ತಂತಿಸುರುಳಿ) ಸುಟ್ಟುಕೊಳ್ಳುತ್ತದೆ. ಗುಂಡಿಯ ಅಳತೆ ತೆಗೆಯದೆ, ಹೊರಬಾಯಿ ನೋಡದೆ ಬರೀ ಎಚ್‌ಪಿ ಹಾಕಿ ಕೊಟ್ಟ ಕೊಟೇಶನ್ನನ್ನು ವಾಪಸ್ ಕಳಿಸಿ, ಎನ್‌ಆರ್‌ವಿ, ಗೇಟ್ ವಾಲ್ವ್, ವೆಂಟ್ ಇವುಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.