ಹತ್ತು ಕವಲಿನ ಬಿಳಿಬಾಲದ ಜಿಂಕೆಯ ಕೊಂಬು ದಾಖಲೆಗೆ ಸೇರುತ್ತದೆಯೇ?

ಕವಲುಗಳ ಸಂಖ್ಯೆಯಿಂದ ಅದು ತೀರ್ಮಾನವಾಗುವುದಿಲ್ಲ. ಬೇಟೆಯ ದಾಖಲೆ ಇಡುವ ಅಮೆರಿಕದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಇಂಚುಗಳ ಮೊತ್ತ ನೋಡುತ್ತದೆ. ಸಾರ್ವಕಾಲಿಕ ಪಟ್ಟಿಗೆ ಸಮರೂಪದ ಕೊಂಬಿಗೆ ಕನಿಷ್ಠ 170, ಅಡ್ಡಾದಿಡ್ಡಿ ಕವಲಿನದಕ್ಕೆ 195 ಬೇಕು.

ಕಾಲು ಇಂಚು ಅಗಲದ ಉಕ್ಕಿನ ಟೇಪಿನಿಂದ ಇಂಚಿನ ಎಂಟನೇ ಒಂದು ಭಾಗದವರೆಗೆ ಅಳೆಯಬೇಕು. ಎರಡೂ ಮುಖ್ಯ ಕೊಂಬುಗಳ (ಕವಲುಗಳು ಹೊರಡುವ ಕಾಂಡ) ಉದ್ದ, ಪ್ರತಿ ಕವಲಿನ ಉದ್ದ, ಪ್ರತಿ ಬದಿಯಲ್ಲಿ ನಾಲ್ಕು ಸುತ್ತಳತೆ, ಕೊಂಬುಗಳ ನಡುವಿನ ಒಳ ಅಗಲ ಇವನ್ನು ಕೂಡಿಸಬೇಕು. ಒಂದು ಇಂಚಿಗಿಂತ ಚಿಕ್ಕದು ಕವಲೇ ಅಲ್ಲ. ಒಳ ಅಗಲಕ್ಕೆ ಉದ್ದನೆಯ ಮುಖ್ಯ ಕೊಂಬಿಗಿಂತ ಹೆಚ್ಚು ಅಂಕ ಸಿಗುವುದಿಲ್ಲ.

ಹೆಚ್ಚಿನವರು ಎಡವುವುದು ಕವಲಿನ ಬುಡದಲ್ಲಿ. ಕವಲು ಇಲ್ಲದಿದ್ದರೆ ಮುಖ್ಯ ಕೊಂಬಿನ ಮೇಲಂಚು ಎಲ್ಲಿ ಹಾಯುತ್ತಿತ್ತೋ ಅಲ್ಲಿ ಪೆನ್ಸಿಲ್ ಗೆರೆ ಎಳೆದು ಅಲ್ಲಿಂದಲೇ ಅಳೆಯಬೇಕು. ಗೆರೆ ಅರ್ಧ ಇಂಚು ಕೆಳಗಿಳಿದರೆ ಹತ್ತು ಕವಲಿನ ಕೊಂಬಿನಲ್ಲಿ (ಮುಖ್ಯ ಕೊಂಬಿನ ಎರಡು ತುದಿ ಬಿಟ್ಟು) ನಾಲ್ಕು ಇಂಚು ಸುಳ್ಳೇ ಸೇರಿಬಿಡುತ್ತದೆ! ಮೊದಲ ಸುತ್ತಳತೆಯನ್ನು ಕೊಂಬಿನ ಬುಡ ಮತ್ತು ಮೊದಲ ಕವಲಿನ ನಡುವೆ, ಉಳಿದವನ್ನು ಎರಡು ಕವಲುಗಳ ನಡುವೆ, ಅತಿ ಸಣ್ಣ ಜಾಗದಲ್ಲೇ ಹಿಡಿಯಿರಿ. ಆಮೇಲೆ ಎಡ-ಬಲದ ವ್ಯತ್ಯಾಸ ಕಳೆಯಬೇಕು. ಅಡ್ಡಾದಿಡ್ಡಿ ಕವಲುಗಳ ಉದ್ದವನ್ನು ಸಮರೂಪದ ವರ್ಗದಲ್ಲಿ ಕಳೆಯುತ್ತಾರೆ, ಇನ್ನೊಂದರಲ್ಲಿ ಕೂಡಿಸುತ್ತಾರೆ.

ಅಧಿಕೃತ ಅಳತೆಗೆ ಮುನ್ನ ಕೊಂಬು 60 ದಿನ ಸಹಜವಾಗಿ ಒಣಗಬೇಕು. ಫ್ರೀಜರಿನಲ್ಲಿಟ್ಟಿದ್ದರೆ ಹೊರತೆಗೆದ ದಿನದಿಂದ ಲೆಕ್ಕ. ತಲೆಬುರುಡೆಯನ್ನು ನಡುವೆ ಸೀಳಬೇಡಿ, ಸೀಳಿದರೆ ಅರ್ಹತೆಯೇ ಹೋಗುತ್ತದೆ. ಸಮರೂಪದ ವಿಶ್ವದಾಖಲೆ ಮೈಲೋ ಹ್ಯಾನ್ಸನ್ 1993ರಲ್ಲಿ ಕೆನಡಾದ ಸಸ್ಕಾಚೆವಾನ್‌ನಲ್ಲಿ ಹೊಡೆದ ಜಿಂಕೆಯದು: 213 5/8.