ವಿಜಯಪುರದಂಥ ಊರಲ್ಲಿ ಜನ ಏನು ನೋಡಿ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುತ್ತಾರೆ?

ಮೊದಲು ನೋಡುವುದು ಪೆಟ್ರೋಲ್ ಖರ್ಚು, ಅನುಮಾನವೇ ಬೇಡ. 3 ಯೂನಿಟ್ ಹಿಡಿಯುವ ಬ್ಯಾಟರಿ ಇದ್ದರೆ ಗಾಡಿ ಸುಮಾರು 80 ಕಿ.ಮೀ. ಓಡುತ್ತದೆ. ಯೂನಿಟ್‌ಗೆ 7 ರೂಪಾಯಿ ಹಿಡಿಯಿರಿ, ಚಾರ್ಜ್ ಮಾಡುವಾಗ ಸ್ವಲ್ಪ ಪೋಲಾಗಲಿ, ಆದರೂ 25 ರೂಪಾಯಿ ಒಳಗೇ ಮುಗಿಯುತ್ತದೆ. ಅಷ್ಟೇ ದೂರಕ್ಕೆ ಪೆಟ್ರೋಲ್ ಸ್ಕೂಟರ್ ಒಂದೂವರೆ ಲೀಟರ್‌ಗಿಂತ ಜಾಸ್ತಿ ಕುಡಿಯುತ್ತದೆ.

ಆದರೆ ಈ ಲೆಕ್ಕ ಗೊತ್ತಿದ್ದವರೆಲ್ಲ ಕೊಳ್ಳುವುದಿಲ್ಲ ಅಲ್ವಾ? ನನ್ನ ಪ್ರಕಾರ ದೊಡ್ಡ ತೊಡಕು ಪ್ಲಗ್‌ನದು. ಸ್ವಂತ ಮನೆ, ಅಂಗಳದಲ್ಲಿ ಸಾಕೆಟ್ ಇದ್ದವರಿಗೆ ಚಿಂತೆಯಿಲ್ಲ. ಮಹಡಿ ಮೇಲೆ ಬಾಡಿಗೆಗಿರುವವರು ಕಿಟಕಿಯಿಂದ ವೈರ್ ಇಳಿಬಿಡಬೇಕು, ಇಲ್ಲವೇ ಬ್ಯಾಟರಿ ಬಿಚ್ಚಿ ಒಯ್ಯುವಂಥ ಗಾಡಿಯನ್ನೇ ಹುಡುಕಬೇಕು. ಮಾಲೀಕರು ಕರೆಂಟ್ ಬಿಲ್ ನೋಡಿ ಗೊಣಗುವುದು ಬೇರೆ.

ಬೆಲೆಯೂ ಕೈ ಹಿಡಿದು ಹಿಂದಕ್ಕೆ ಎಳೆಯುತ್ತದೆ. ಜಿಎಸ್‌ಟಿ ಬರೀ 5%, ನಿಜ. ಆದರೆ 2023ರ ಜೂನ್‌ನಲ್ಲಿ ಕೇಂದ್ರದ ಸಬ್ಸಿಡಿ ಕಡಿತವಾದಾಗ ಗಾಡಿಗಳು ತುಟ್ಟಿಯಾದವು, ದೇಶದಲ್ಲೆಲ್ಲ ಮಾರಾಟ ಬಿತ್ತು.

ಇನ್ನು ರಿಪೇರಿ. ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇದೆಯೇ, ನಮ್ಮ 40 ಡಿಗ್ರಿ ಬಿಸಿಲಿಗೆ ಬ್ಯಾಟರಿ ತಾಳುತ್ತದೆಯೇ ಎಂದು ಜನ ಶೋರೂಮಿಗಿಂತ ಮೊದಲು ಓಣಿಯಲ್ಲಿ ಓಡಿಸುತ್ತಿರುವವರನ್ನೇ ಕೇಳುತ್ತಾರೆ. ಊರೊಳಗಿನ ಓಡಾಟಕ್ಕಾದರೆ ಧೈರ್ಯ ಮಾಡುತ್ತಾರೆ. ಆಗಾಗ ಬಾಗಲಕೋಟೆಗೆ ಹೋಗಿಬರುವವರು ಇನ್ನೂ ಪೆಟ್ರೋಲ್ ಗಾಡಿಯನ್ನೇ ನಂಬುತ್ತಾರೆ.